ಬಚ್ಚಲುಮನೆಯ ಕಿಂಡಿ

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಕೇಳಿಕೊಂಡು ಹೋದವರಿಗೆ ತಪಾಸಣೆ ಹೊಸದೇನಲ್ಲ. 'ವೆಜ್ಜಾ, ನಾನ್‌ವೆಜ್ಜಾ? ಎಷ್ಟು ಜನ ಇರ್ತೀರಿ? ನೆಂಟರಿಷ್ಟರು ಜಾಸ್ತಿನಾ?' ಖಾಲಿ ಮಾಡುವ ದಿನ ಇನ್ನೊಂದು ಸುತ್ತು. ಗೋಡೆಯ ಮೊಳೆ ಎಣಿಸಿ, ಬಣ್ಣ ಬಳಿಸಬೇಕೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಹನ್ನೊಂದು ತಿಂಗಳ ಕರಾರು ಎಷ್ಟು ಸಲ ಹೊಸದಾದರೂ ಬಚ್ಚಲಿನ ಗ್ಯಾಸ್ ಗೀಸರ್ ಕಡೆ ಮಾತ್ರ ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಚಳಿಗಾಲ ಬಂತೆಂದರೆ ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲವೆಂಬ ಸುದ್ದಿ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ಸೊಳ್ಳೆ, ಚಳಿ ಎಂದು ಕಿಂಡಿಗೆ ರಟ್ಟು ತುರುಕಿರುತ್ತಾರೆ. ಒಳಗೆ ಗಾಳಿ ಸಾಲದೆ ಅನಿಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸೋರಿದರೆ ಗೊತ್ತಾಗಲೆಂದು ಅಡುಗೆ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ. ಆದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಈ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆ ಭಾರವಾಯಿತು ಎನ್ನುವಷ್ಟರಲ್ಲಿ ಕಾಲು ಸೋತಿರುತ್ತದೆ, ಚಿಲಕ ತೆಗೆಯುವ ತ್ರಾಣವೂ ಉಳಿದಿರುವುದಿಲ್ಲ.

ಇಂಗ್ಲೆಂಡಿನಲ್ಲಿ 1998ರ ನಿಯಮದ ಪ್ರಕಾರ ಬಾಡಿಗೆ ಮನೆಯ ಗ್ಯಾಸ್ ಉಪಕರಣಗಳನ್ನು ನೋಂದಾಯಿತ ತಂತ್ರಜ್ಞರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಮಾಲೀಕರ ಹೊಣೆ. ಅದರ ಪತ್ರ 28 ದಿನದೊಳಗೆ ಬಾಡಿಗೆದಾರರ ಕೈ ಸೇರಬೇಕು. ನಮ್ಮಲ್ಲಿ ಪಿ.ಜಿ.ಗಳಿಗಾದರೂ 2024ರಲ್ಲಿ ಬಿಬಿಎಂಪಿ ತಲಾ 70 ಚದರಡಿ ಜಾಗ, ಸಿಸಿಟಿವಿ ಎಂದೆಲ್ಲ ಷರತ್ತು ಹಾಕಿತು. ಸಂಸಾರವಂದಿಗರ ಬಾಡಿಗೆ ಮನೆಯ ಬಚ್ಚಲಿಗೆ ಅಧಿಕಾರಿ ಬಂದು ಇಣುಕಿದ್ದನ್ನು ನಾನಂತೂ ಕಂಡಿಲ್ಲ. ಮನೆಮನೆಗೂ ಇನ್‌ಸ್ಪೆಕ್ಟರ್ ಬಂದರೆ ಇನ್ನೊಂದು ಮಾಮೂಲಿ ಶುರುವಾಗುತ್ತದೆ ಎಂದು ಗೊಣಗುವವರಿದ್ದಾರೆ. ಆ ಭಯ ಸುಳ್ಳಲ್ಲ. ಹಾಗೆಂದು ಮಾಲೀಕರ ಹೊಣೆಯೇನೂ ತಪ್ಪುವುದಿಲ್ಲ. ಬಣ್ಣಕ್ಕೆ ಹಿಡಿದುಕೊಂಡ ಹಣದಲ್ಲಿ ಚೂರು ತೆಗೆದರೂ ಗೀಸರ್ ಸರ್ವಿಸ್ ಮಾಡಿಸಬಹುದು.

ಅಡ್ವಾನ್ಸ್ ಎಣಿಸುವ ಮೊದಲು ಬಚ್ಚಲಿಗೆ ಹೋಗಿ ನೋಡಿ. ಗ್ಯಾಸ್ ಗೀಸರ್ ಒಳಗೇ ಇದ್ದರೆ, ಸಿಲಿಂಡರ್ ಸಮೇತ ಗಾಳಿಯಾಡುವ ಹೊರಜಾಗಕ್ಕೆ ಹಾಕಿಸಿಕೊಡಿ ಎಂದು ಕೇಳಿ. ಗೀಸರ್ ಕರೆಂಟಿನದಾದರೆ, ಮೀಟರ್ ಪೆಟ್ಟಿಗೆ ಹತ್ತಿರ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಇದೆಯೇ ನೋಡಿ, ಇದ್ದರೆ ಅದರ 'ಟಿ' ಗುಂಡಿ ಒತ್ತಿಸಿ. ಕರೆಂಟ್ ತಕ್ಷಣ ಕಡಿದುಹೋಗಬೇಕು. ವರ್ಷಕ್ಕೊಮ್ಮೆ ಗೀಸರ್ ತಪಾಸಣೆ ಮಾಲೀಕರದ್ದು ಎಂಬ ಒಂದು ಸಾಲನ್ನು ಕರಾರಿಗೆ ಸೇರಿಸಿ, ಆಮೇಲೆ ಸಹಿ ಹಾಕಿ.