ಹುಲಿಯ ಕುರ್ಚಿ

ನಮ್ಮ ಆಫೀಸಿಗೆ ಒಬ್ಬ ಡೆಸ್ಕ್‌ಟಾಪ್ ಸಪೋರ್ಟ್ ಹುಡುಗ ಬೇಕಿತ್ತು. ಕೀಬೋರ್ಡ್ ಕೆಟ್ಟರೆ ಬದಲಾಯಿಸೋದು, ಪಾಸ್‌ವರ್ಡ್ ಮರೆತವರಿಗೆ ರೀಸೆಟ್ ಮಾಡಿಕೊಡೋದು, ಪ್ರಿಂಟರ್ ಜೊತೆ ದಿನಾ ಗುದ್ದಾಡೋದು. ಜಾಹೀರಾತಿನಲ್ಲಿ ‘ಕನಿಷ್ಠ 1 ವರ್ಷದ ಅನುಭವ’ ಅಂತ ಹಾಕಿದ್ವಿ. ಯಾಕೆ ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಹಾಕ್ತಾರೆ, ನಾವೂ ಹಾಕಿದ್ವಿ.

ಇಂಟರ್‌ವ್ಯೂಗೆ ನಾನು ಕೂತೆ. ಎಲ್ಲರಿಗೂ ಒಂದೇ ಪ್ರಶ್ನೆ. “ಯೂಸರ್ ಒಬ್ರು ನೆಟ್ ಬರ್ತಿಲ್ಲ ಅಂತಾರೆ. ನೋಡಿದ್ರೆ ಐಪಿ ಅಡ್ರೆಸ್ 169.254ರಿಂದ ಶುರುವಾಗ್ತಿದೆ. ಏನ್ ಮಾಡ್ತೀರಿ?” ಡಿಎಚ್‌ಸಿಪಿ ಸರ್ವರ್‌ನಿಂದ ಅಡ್ರೆಸ್ ಸಿಗದಿದ್ದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ಅಡ್ರೆಸ್ ಅದು. ಹೆಚ್ಚಿನವರು ಬಾಯಿಪಾಠ ಮಾಡಿದ್ದ ಕಮಾಂಡ್‌ಗಳನ್ನು ಒಪ್ಪಿಸಿದರು. ಹಾಸನದ ಕಡೆಯ ಒಬ್ಬ ಹುಡುಗ ಮಾತ್ರ, “ಮೊದ್ಲು ಪಕ್ಕದ ಸೀಟಿನವ್ರಿಗೆ ನೆಟ್ ಬರ್ತಿದ್ಯಾ ಕೇಳ್ತೀನಿ ಸಾರ್. ಬರ್ತಿದ್ರೆ ಇವ್ರ ಕೇಬಲ್ ನೋಡ್ತೀನಿ. ಯಾರಿಗೂ ಇಲ್ಲಾಂದ್ರೆ ತೊಂದ್ರೆ ಇವ್ರ ಮಷೀನಲ್ಲಿಲ್ಲ” ಅಂದ. ಕೆಲಸ ಮಾಡಿ ಗೊತ್ತಿದ್ದವನ ಉತ್ತರ.

ಖುಷಿಯಾಗಿ, ಹಿಂದಿನ ಕಂಪನಿಯಲ್ಲಿ ಟಿಕೆಟ್‌ಗಳನ್ನು ಹೇಗೆ ನೋಡ್ಕೋತಿದ್ರಿ ಅಂತ ಕೇಳಿದೆ. ಹುಡುಗ ಸುಮ್ಮನಾದ. ಆಮೇಲೆ ಹೇಳಿದ: “ಸಾರ್, ಆ ಎಕ್ಸ್‌ಪೀರಿಯನ್ಸ್ ಲೆಟರ್ ದುಡ್ಡು ಕೊಟ್ಟು ಮಾಡಿಸಿದ್ದು. ನಾನು ಕಲ್ತಿದ್ದು ಎಸ್‌ಪಿ ರೋಡಿನ ಒಂದು ಅಂಗಡೀಲಿ, ಎರಡು ವರ್ಷ. ಅವ್ರು ಲೆಟರ್ ಕೊಡಲ್ಲ.”

ಅವನ ಮುಖ ನೋಡೋಕೆ ನನಗೆ ಕಷ್ಟವಾಯಿತು. ನನ್ನ ಮೊದಲ ರೆಸ್ಯೂಮೆಯಲ್ಲೂ ಆರು ತಿಂಗಳ ‘ಅನುಭವ’ ಇತ್ತು. ಅದು ಅಣ್ಣನ ಸ್ನೇಹಿತನ ಸೈಬರ್ ಕೆಫೆಯಲ್ಲಿ ಕೂತು ಟೈಮ್‌ಪಾಸ್ ಮಾಡಿದ್ದು. ನನ್ನನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಹಾಗಾದರೆ ಬಿಟ್ಟುಬಿಡಬೇಕಿತ್ತಾ? ಸಪೋರ್ಟ್‌ನವನ ಕೈಯಲ್ಲಿ ಅಡ್ಮಿನ್ ಪಾಸ್‌ವರ್ಡ್ ಇರುತ್ತೆ. ಸಂಬಳದ ಪಟ್ಟಿ ಇರುವ ಲ್ಯಾಪ್‌ಟಾಪ್ ಅವನ ಟೇಬಲ್ಲಿಗೇ ರಿಪೇರಿಗೆ ಬರುತ್ತೆ. ಆ ಕೆಲಸದಲ್ಲಿ ನಂಬಿಕೆ ಅನ್ನೋದು ಅರ್ಹತೆಯ ಭಾಗ. ಇನ್ನೂ ಒಂದು ಯೋಚನೆ ಬಂತು. ಅವನ ಸುಳ್ಳಿನಿಂದ ನಷ್ಟ ಆಗಿದ್ದು ಕಂಪನಿಗಲ್ಲ, ‘ಫ್ರೆಶರ್’ ಅಂತ ನಿಜ ಬರೆದು ಮೊದಲ ಜರಡಿಯಲ್ಲೇ ಉದುರಿಹೋದ ಇನ್ಯಾರಿಗೋ. ಆ ಹುಡುಗನೋ ಹುಡುಗಿಯೋ ನನ್ನ ರೂಮಿನವರೆಗೂ ಬರಲೇ ಇಲ್ಲ. ಆದರೆ ಆ ಜರಡಿ ಹಿಡಿದದ್ದು ಈ ಹುಡುಗನಲ್ಲ, ನಾವು.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನಾವು. ಹಸುವಿನಿಂದ ಏನು ಕಲಿತಿರಿ ಅಂತ ಮೇಷ್ಟ್ರು ಕೇಳ್ತಿದ್ರು. ಹುಲಿಯಿಂದ ಏನು ಕಲಿತಿರಿ ಅಂತ ಯಾರೂ ಕೇಳಲಿಲ್ಲ. ನಿಜ ಕೇಳಿದ ಮೇಲೆ ಆ ಹುಲಿಗೆ ಮೊದಲಿನ ಹಾಗೆ ಇರೋಕೆ ಆಗಲಿಲ್ಲ. ಅವತ್ತು ಹುಲಿಯ ಕುರ್ಚಿಯಲ್ಲಿ ಕೂತಿದ್ದವನು ನಾನು. ಹುಡುಗ ನಿಜ ಹೇಳಿದ್ದ, ತಡವಾಗಿಯಾದರೂ.

ಹುಲಿಯಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ. ನಿಯಮದ ಪ್ರಕಾರ ‘ದಾಖಲೆ ಸರಿಯಿಲ್ಲ’ ಅಂತ ಬರೆದು ಸಹಿ ಹಾಕಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮ್ಯಾನೇಜರ್ ಹತ್ತಿರ ಹೋಗಿ, ಅನುಭವದ ಸಾಲು ತೆಗೆದು ಕೆಟ್ಟ ಮಷೀನೊಂದನ್ನು ಎದುರಿಗಿಟ್ಟು ಪರೀಕ್ಷೆ ಮಾಡೋಣ ಅಂದೆ. ನನ್ನ ಆರು ತಿಂಗಳ ಕಥೆಯನ್ನೂ ಹೇಳಿದೆ. ಅವರು ನಕ್ಕು, “ಮುಂದಿನ ಸಲ ಹಂಗೇ ಮಾಡೋಣ ಬಿಡ್ರಿ” ಅಂದರು. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ.

ಎರಡು ತಿಂಗಳ ನಂತರ ಇನ್ನೊಂದು ಜಾಗ ಖಾಲಿಯಾಯಿತು. ಹೊಸ ಜಾಹೀರಾತಿನಲ್ಲಿ ಆ ಸಾಲು ಇರಲಿಲ್ಲ. ಮೊದಲು ಅವನಿಗೇ ಫೋನ್ ಮಾಡಿದೆ.

“ಥ್ಯಾಂಕ್ಸ್ ಸಾರ್, ಬೇರೆ ಕಡೆ ಸೇರ್ಕೊಂಡೆ” ಅಂದ. ಲೆಟರ್ ಕೇಳಿದ್ರಾ ಅಂದೆ.

“ಕೇಳಿದ್ರು ಸಾರ್. ಅದನ್ನೇ ಕೊಟ್ಟೆ. ಈ ಸಲ ಬಾಯಿ ಬಿಡಲಿಲ್ಲ.”