ಎಷ್ಟು ಸೋರಿದರೆ ಸರಿ?

ಸುರಂಗದ ವಿನ್ಯಾಸದಲ್ಲಿ ಒಂದು ಸಂಖ್ಯೆ ಇರುತ್ತದೆ: ಒಳಕ್ಕೆ ಎಷ್ಟು ನೀರು ಸೋರಬಹುದು ಎಂಬುದು. ಪೂರ್ತಿ ಸೋರದ ಸುರಂಗ ಬಹಳ ಅಪರೂಪವಾದ್ದರಿಂದ ಇಂಥದೊಂದು ಮಿತಿ ಬೇಕೇ ಬೇಕು. ಎಂಜಿನಿಯರಿಂಗ್ ಸಂಶೋಧನೆಯಲ್ಲಿ ತೊಡಗಿರುವ ನನಗೆ ಆ ಸಂಖ್ಯೆಯನ್ನು ಲೆಕ್ಕ ಹಾಕುವ ಸೂತ್ರಗಳು ಗೊತ್ತು. ಆದರೆ 'ಎಷ್ಟು ಸೋರಿದರೆ ಸರಿ' ಎಂಬಲ್ಲಿನ 'ಸರಿ' ಯಾವ ಸೂತ್ರದಿಂದಲೂ ಬರುವುದಿಲ್ಲ. ಅದು ನೀತಿಯ ಪ್ರಶ್ನೆ.

ನೆಲದೊಳಗಿನ ನೀರಿನ ಒತ್ತಡ ಸಣ್ಣದಲ್ಲ. ಅಂತರ್ಜಲ ಮಟ್ಟಕ್ಕಿಂತ 100 ಮೀಟರ್ ಕೆಳಗೆ ಪ್ರತಿ ಚದರ ಮೀಟರಿನ ಮೇಲೆ ಸುಮಾರು 100 ಟನ್ ಭಾರ ಬೀಳಬಹುದು. ಇದನ್ನು ಎದುರಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ನೀರು ನುಸುಳದ ಪದರ ಹೊದಿಸಿ, ಗಟ್ಟಿ ಕಾಂಕ್ರೀಟು ಕಟ್ಟಿ ಇಡೀ ಒತ್ತಡವನ್ನು ತಡೆದು ನಿಲ್ಲುವುದು. ಇನ್ನೊಂದು, ಗೋಡೆಯ ಹಿಂದಿನಿಂದ ನೀರು ಬಸಿದುಹೋಗಲು ಬಿಡುವುದು. ಬಸಿದರೆ ಒತ್ತಡ ಇಳಿಯುತ್ತದೆ. ಗೋಡೆ ತೆಳುವಾಗಿದ್ದರೂ ಸಾಕು, ಖರ್ಚೂ ಕಡಿಮೆ. ಆದರೆ ಹಾಗೆ ಬಸಿಯುವ ನೀರು ಬೆಟ್ಟದ ಮೇಲಿನ ಬಾವಿಗೆ, ಒರತೆಗೆ, ತೊರೆಗೆ ಸೇರಬೇಕಾದದ್ದು. ಸುರಂಗದ ಒಳಗೆ ಓಡಾಡುವವರ ಸುರಕ್ಷತೆಗೆ ಅದರ ಮೇಲೆ ಬದುಕುವವರು ಬೆಲೆ ತೆರುತ್ತಾರೆ. ಹಲವು ಸಲ ಅದು ಅವರಿಗೆ ತಿಳಿಯುವುದು ಬಾವಿ ಬತ್ತಿದ ಮೇಲೆಯೇ.

ಮಿತಿಯನ್ನು ಕಟ್ಟುನಿಟ್ಟಾಗಿ ಬರೆದಿಟ್ಟರೆ ಸಾಲದೇ? ದಕ್ಷಿಣ ಸ್ವೀಡನ್ನಿನ ಹಲ್ಲಾಂಡ್ಸೋಸ್ ರೈಲು ಸುರಂಗದ ಕಥೆ ಸಾಲದು ಎನ್ನುತ್ತದೆ. 1992ರಲ್ಲಿ ಕೆಲಸ ಶುರುವಾಯಿತು. ಬಂಡೆ ಬಿರುಕುಮಯ, ಬಿರುಕುಗಳ ತುಂಬ ನೀರು. ನ್ಯಾಯಾಲಯ ವಿಧಿಸಿದ್ದ ಮಿತಿಯನ್ನು ಮೀರಿ ನೀರು ಹರಿಯಿತು, ಸುತ್ತಲಿನ ಬಾವಿಗಳು ಇಳಿದವು. ಹರಿವನ್ನು ತಡೆಯಲು 1997ರಲ್ಲಿ ಅಕ್ರಿಲಮೈಡ್ ಇದ್ದ 'ರೋಕಾ-ಗಿಲ್' ಎಂಬ ರಾಸಾಯನಿಕವನ್ನು ಬಂಡೆಯ ಬಿರುಕುಗಳಿಗೆ ತುಂಬಿದರು. ಗಟ್ಟಿಯಾಗಬೇಕಿದ್ದ ಆ ದ್ರವದ ಒಂದು ಪಾಲು ಗಟ್ಟಿಯಾಗದೆ ನೀರಿನೊಂದಿಗೆ ತೊರೆ ಸೇರಿತು. ಮೀನುಗಳು ಸತ್ತವು, ಆ ನೀರು ಕುಡಿದ ಹಸುಗಳ ಕಾಲಿನ ಬಲ ಉಡುಗಿತು, ಕಾರ್ಮಿಕರಲ್ಲೂ ನರದೌರ್ಬಲ್ಯದ ಲಕ್ಷಣಗಳು ಕಂಡವು. ಕೆಲಸ ನಿಂತಿತು. ಹಲವು ವರ್ಷಗಳ ನಂತರ, ನೀರು ಸೋರದ ಕಾಂಕ್ರೀಟು ಉಂಗುರಗಳನ್ನು ಜೋಡಿಸುತ್ತ ಮುಂದುವರಿದ ಸುರಂಗದಲ್ಲಿ ರೈಲು ಓಡಿದ್ದು 2015ರ ಡಿಸೆಂಬರಿನಲ್ಲಿ.

ನನ್ನನ್ನು ಕಾಡುವುದು ಆ ರಾಸಾಯನಿಕವನ್ನು ತಂದದ್ದು ನೀರನ್ನು ಉಳಿಸಲಿಕ್ಕೇ ಎಂಬ ಸಂಗತಿ. ಮಿತಿ ಇದ್ದದ್ದು ಅಲ್ಲಿನ ಜನ, ಜಾನುವಾರು, ಹೊಲಗಳಿಗಾಗಿ. ಆದರೆ ತಡವಾಗುತ್ತಿದ್ದ ಕಾಮಗಾರಿಯಲ್ಲಿ ಅದು ಹೇಗಾದರೂ ಇಳಿಸಬೇಕಾದ ಒಂದು ಅಂಕಿಯಾಯಿತು. ಅಂಕಿಯನ್ನು ಕಾಯಲು ಹೋಗಿ, ಆ ಅಂಕಿ ಯಾರನ್ನು ಕಾಯಬೇಕಿತ್ತೋ ಅವರ ನೀರಿಗೇ ವಿಷ ಬಿತ್ತು. ನಿಯಮವನ್ನು ಪಾಲಿಸುತ್ತಲೇ ಅದರ ಉದ್ದೇಶಕ್ಕೆ ದ್ರೋಹ ಬಗೆಯಬಹುದು.

ರೈಲು, ವಿದ್ಯುತ್ತು ಎಲ್ಲರಿಗೂ ಬೇಕಲ್ಲ, ಕೆಲವರ ಬಾವಿಗಾಗಿ ಲಕ್ಷಾಂತರ ಜನರ ಅನುಕೂಲ ಬಿಡಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದದ್ದಲ್ಲ. ಆದರೆ ಲಾಭ ನಷ್ಟಗಳನ್ನು ತೂಗಬೇಕಾದರೆ ಎರಡೂ ತಟ್ಟೆ ಕಣ್ಣಿಗೆ ಕಾಣಬೇಕು. ಉಳಿದ ಸಮಯವನ್ನು, ಹಣವನ್ನು ಎಣಿಸುವುದು ಸುಲಭ. ನೆಲದಡಿಯಲ್ಲಿ ದಿಕ್ಕು ಬದಲಿಸಿದ ನೀರನ್ನು ತೋರಿಸುವವರು ಯಾರು?

ಉತ್ತರಾಖಂಡದ ಜೋಶಿಮಠದಲ್ಲಿ ಎದ್ದದ್ದು ಇದೇ ಪ್ರಶ್ನೆ. ತಪೋವನ-ವಿಷ್ಣುಗಡ ಜಲವಿದ್ಯುತ್ ಯೋಜನೆಯ ಸುರಂಗ ಕೊರೆಯುವ ಯಂತ್ರ 2009ರ ಡಿಸೆಂಬರಿನಲ್ಲಿ ಅಂತರ್ಜಲದ ಸೆಲೆಯೊಂದನ್ನು ಸೀಳಿತು. ಸೆಕೆಂಡಿಗೆ 700ರಿಂದ 800 ಲೀಟರ್ ನೀರು ನುಗ್ಗಿತೆಂದು ಮರುವರ್ಷ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2023ರ ಜನವರಿಯಲ್ಲಿ ಊರಿನ ನೂರಾರು ಮನೆಗಳು ಬಿರುಕು ಬಿಟ್ಟಾಗ ಅನೇಕ ನಿವಾಸಿಗಳು ಸುರಂಗದತ್ತ ಬೆರಳು ತೋರಿಸಿದರು, ಯೋಜನೆಯವರು ಒಪ್ಪಲಿಲ್ಲ. ಊರು ನಿಂತಿರುವುದೇ ಹಳೆಯ ಭೂಕುಸಿತದ ಸಡಿಲ ಮಣ್ಣಿನ ಮೇಲೆ. ಕಟ್ಟಡಗಳ ಭಾರ, ಚರಂಡಿಯಿಲ್ಲದೆ ಇಂಗುವ ನೀರು ಕೂಡ ಕಾರಣಗಳ ಪಟ್ಟಿಯಲ್ಲಿವೆ. ಹಾಗಾಗಿ ಸುರಂಗವೇ ಕಾರಣ ಎಂದು ನಾನು ತೀರ್ಪು ಕೊಡಲಾರೆ. ಆದರೆ ಇಂಥ ಕಡೆಗಳಲ್ಲಿ 'ನಿರೂಪಿಸಿ' ಎಂಬ ಹೊರೆ ಮನೆ ಕಳೆದುಕೊಂಡವರ ಹೆಗಲಿಗೆ ಬೀಳುವುದು ಅನ್ಯಾಯ ಎನ್ನಬಲ್ಲೆ. ಯಂತ್ರ, ನಕ್ಷೆ, ಮಾಪಕಗಳೆಲ್ಲ ಇರುವುದು ತೋಡುವವರ ಬಳಿ. ತೋಡುವ ಮೊದಲು ಒರತೆ ಎಷ್ಟು ಹರಿಯುತ್ತಿತ್ತು ಎಂಬ ದಾಖಲೆ ಇಲ್ಲದಿದ್ದರೆ, ಆಮೇಲೆ ಅದು ಬತ್ತಿತೆಂದು ಯಾರೂ ಸಾಧಿಸಲಾರರು. ಅಳೆಯದೆ ಬಿಟ್ಟವರಿಗೆ ಆ ಅಜ್ಞಾನದಿಂದಲೇ ಲಾಭವಾಗುವಾಗ, ಅದನ್ನು ಮುಗ್ಧತೆ ಎಂದು ಕರೆಯಲಾಗದು.

ಆದ್ದರಿಂದ ನನ್ನ ವಾದ ಇಷ್ಟು. ಮೊದಲ ಸಿಡಿತಕ್ಕೆ ಮುನ್ನ ಒಂದು ಬೇಸಿಗೆ, ಒಂದು ಮಳೆಗಾಲವಾದರೂ ಮೇಲಿನ ಬಾವಿ, ಒರತೆಗಳನ್ನು ಅಳೆಯಬೇಕು. ಆ ಲೆಕ್ಕ ಊರವರ ಭಾಷೆಯಲ್ಲಿ ಊರವರ ಕೈಯಲ್ಲಿರಬೇಕು. ನೀರು ಇಳಿದರೆ 'ನಮ್ಮಿಂದಲ್ಲ' ಎಂದು ತೋರಿಸುವ ಹೊಣೆ ತೋಡುವವರದಾಗಬೇಕು. ಎಷ್ಟು ಸೋರಬಹುದು ಎಂದು ತೀರ್ಮಾನಿಸುವ ಮೇಜಿನ ಸುತ್ತ ಬಾವಿಯ ನೀರು ಸೇದುವವರೂ ಕೂತಿರಬೇಕು. ಅವರಿಲ್ಲದೆ ಬರೆದ ಸಂಖ್ಯೆ ಎಷ್ಟೇ ನಿಖರವಾಗಿದ್ದರೂ, ಅದು ಸುರಂಗದ ಸುರಕ್ಷತೆಯ ಲೆಕ್ಕ ಮಾತ್ರ, ಬೆಟ್ಟದ್ದಲ್ಲ.