ಕಾಗದದಾಗ ಇಬ್ಬರು

ಕಮಲಾಪುರದ ಬಸ್ ನಿಲ್ದಾಣದಲ್ಲಿ ಬೆಳಕು ಹರಿಯುವಷ್ಟರಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳು ಬಂದು ಕೂತಿರುತ್ತವೆ. ಅವುಗಳ ಪಕ್ಕದಲ್ಲಿ, ರೊಟ್ಟಿಬುತ್ತಿ ಹಿಡಿದು ಕಲಬುರಗಿ ಬಸ್ಸಿಗೆ ಕಾಯುವ ಜನ. ಅವರಲ್ಲಿ ಇವತ್ತು ನಮ್ಮ ಓಣಿಯ ಅವ್ವನೂ ಇದ್ದಳು, ಮಗನನ್ನು ಕಳಿಸಲಿಕ್ಕೆ.

ಅವಳ ಗಂಡ ಕಲಬುರಗಿಯ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ದುಡಿಯುತ್ತಿದ್ದ. ಕೆಲಸದಲ್ಲಿರುವಾಗಲೇ ತೀರಿಕೊಂಡ. 1995ರ ಪಿಂಚಣಿ ಯೋಜನೆಯಂತೆ ಹೆಂಡತಿಗೆ ಸಲ್ಲಬೇಕಾದ ಹಣ ತಿಂಗಳುಗಟ್ಟಲೆ ಬರಲೇ ಇಲ್ಲ. ಆಧಾರಿನಲ್ಲಿ ಶರಣಪ್ಪ, ಪಿ.ಎಫ್. ದಾಖಲೆಯಲ್ಲಿ ಶರಣಬಸಪ್ಪ. ಶರಣಬಸವೇಶ್ವರರ ಹೆಸರಿಡದ ಮನೆ ನಮ್ಮ ಕಡೆ ಅಪರೂಪ. ಇಟ್ಟದ್ದು ಉದ್ದ, ಕರೆಯುವುದು ಗಿಡ್ಡ. ಆದರೆ ಕಂಪ್ಯೂಟರಿಗೆ ಆ ಎರಡು ಹೆಸರಿನವರು ಬೇರೆ ಬೇರೆ ಮನುಷ್ಯರು. "ನಮ್ಮ ಮನಿಯವ್ರು ಒಬ್ಬರೇ ಇದ್ರಲ್ರೀ ಅಣ್ಣಾರ, ಕಾಗದದಾಗ ಇಬ್ಬರು ಹ್ಯಾಂಗಾದ್ರು?" ಎಂದು ಆಕೆ ಕೇಳಿದ್ದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಎಚ್.ಆರ್., ಅಂದರೆ ಸಿಬ್ಬಂದಿ ವಿಭಾಗ, ಎಂದರೆ ಹಾಜರಿ ಹಿಡಿಯುವವರು, ರಜೆ ಕತ್ತರಿಸುವವರು ಎಂದೇ ನಾನೂ ತಿಳಿದಿದ್ದೆ. ಆ ವಿಭಾಗದ ಬೆಲೆ ನನಗೆ ತಿಳಿದದ್ದು ಅದು ಇಲ್ಲದ ಕಡೆ. ಅವ್ವನ ಗಂಡ ಮಿಲ್ಲಿಗೆ ಸೇರಿದ ದಿನ ಯಾರಾದರೂ ಎದುರಿಗೆ ಕೂರಿಸಿಕೊಂಡು, ಹೆಸರು ಹೇಗೆ ಬರೆಯಬೇಕು, ನಾಮಿನಿ ಯಾರು ಎಂದು ಕೇಳಿದ್ದರೆ ಸಾಕಿತ್ತು. ಐದು ನಿಮಿಷದ ಕೆಲಸ.

20 ಜನ ದುಡಿಯುವ ಕಡೆ ಪಿ.ಎಫ್. ಅನ್ವಯಿಸುತ್ತದೆ. ಆದರೆ ಕಾರ್ಮಿಕರ ಕ್ಷೇಮ ನೋಡಲೆಂದೇ ಒಬ್ಬ ಅಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿದ್ದುದು 500 ಜನರಿದ್ದ ಕಡೆ ಮಾತ್ರ. ಈ ಎರಡು ಅಂಕಿಗಳ ನಡುವೆ ಬಂದವರ ಬಾಳು ಲೆಕ್ಕ ಬರೆಯುವ ಗುಮಾಸ್ತನ ಕೈಯಲ್ಲಿತ್ತು. ತೊಗರಿಯ ಚೀಲ ಎಣಿಸುವ ಕೈಯೇ ಮನುಷ್ಯರ ಹೆಸರನ್ನೂ ಬರೆಯುತ್ತದೆ. ಚೀಲದ ಲೆಕ್ಕ ತಪ್ಪಿದರೆ ಸಂಜೆಯೇ ಗೊತ್ತಾಗುತ್ತದೆ. ಹೆಸರು ತಪ್ಪಿದ್ದು ಗೊತ್ತಾಗುವುದು ಆ ಮನುಷ್ಯ ಹೋದ ಮೇಲೆ.

ಸೇಡಂ ರಸ್ತೆಯ ಇ.ಎಸ್.ಐ. ಆಸ್ಪತ್ರೆಯ ಮುಂದೆ ಹಾದುಹೋದಾಗಲೆಲ್ಲ ಇದೇ ಯೋಚನೆ ಬರುತ್ತದೆ. 2013ರಿಂದ ಅಲ್ಲಿ ವೈದ್ಯಕೀಯ ಕಾಲೇಜೂ ನಡೆಯುತ್ತಿದೆ. ಅಷ್ಟು ದೊಡ್ಡ ಕಟ್ಟಡ, ಆದರೆ ಕಾರ್ಮಿಕನಿಗೆ ಅದರ ಬಾಗಿಲು ತೆರೆಯುವುದು ಎಲ್ಲೋ ಒಂದು ಮೇಜಿನ ಮೇಲೆ ಅವನ ಹೆಸರು ನೋಂದಣಿಯಾಗಿದ್ದರೆ.

ಆ ಮೇಜಿನವರಿಗೂ ಸಂಬಳ ಕೊಡುವವನು ಮಾಲೀಕನೇ, ಬಲ್ಲೆ. ಕೆಲಸದಿಂದ ತೆಗೆಯುವ ಪತ್ರವೂ ಅಲ್ಲಿಂದಲೇ ಬರುತ್ತದೆ. ಅದು ನೋವಿನ ಮಾತು. ಆದರೂ ಆ ಮೇಜು ಇರಬೇಕು, ಅಲ್ಲಿ ಮುಖ ನೋಡಿ ಮಾತಾಡುವ ಒಬ್ಬರು ಕೂತಿರಬೇಕು ಎಂದೇ ನನ್ನ ಮನಸ್ಸು ಹೇಳುತ್ತದೆ.

ಅವ್ವನ ಕಾಗದ ಸರಿಮಾಡಿಕೊಟ್ಟವರು ಸಿಬ್ಬಂದಿ ವಿಭಾಗದಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು. ಜಂಟಿ ಘೋಷಣೆಯ ಅರ್ಜಿ ತುಂಬಿ, ಮಿಲ್ಲಿನವರ ಸಹಿ ಹಾಕಿಸಿ, ಮೂರು ಸಲ ಕಚೇರಿಗೆ ಓಡಾಡಿದರು. ಬಸ್ಸಿನ ಖರ್ಚನ್ನೂ ತೆಗೆದುಕೊಳ್ಳಲಿಲ್ಲ.

ಬಸ್ ಬಂತು. ಮಗ ಇವತ್ತು ಹೊಸ ಕೆಲಸಕ್ಕೆ ಹೊರಟಿದ್ದಾನೆ. ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಧಾರ್ ಕಾರ್ಡು. ಅವ್ವ ಕಿಟಕಿಯ ಹತ್ತಿರ ಹೋಗಿ ಹೇಳಿದಳು: "ಹೆಸರ ಪೂರಾ ಬರಸು ತಮ್ಮಾ. ಬರದಮ್ಯಾಲೆ ಓದಿ ಹೇಳಂತ ಅನ್ನು."